ಪುರುಷ ಹಾರ್ಮೋನು ಮತ್ತು ಪ್ರಾಸ್ಟೇಟ್ ಕ್ಯಾನ್ಸರ್: ರಕ್ತದಲ್ಲಿನ ಮಟ್ಟ ಹೇಳುವುದೇನು?

ಪುರುಷರನ್ನು ಕಾಡುವ ಕ್ಯಾನ್ಸರ್‌ಗಳ ಪೈಕಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಜಗತ್ತಿನಲ್ಲಿ ಎರಡನೆಯ ಸ್ಥಾನದಲ್ಲಿದೆ. ಮೊದಲನೆಯದು ಶ್ವಾಸಕೋಶದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 14.7 ಲಕ್ಷ ಪುರುಷರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು. ಸುಮಾರು 4 ಲಕ್ಷ ಮಂದಿ ಇದರಿಂದ ಅಸುನೀಗಿದರು. ಭಾರತದ ಪಾಲು ಸುಮಾರು 38 ಸಾವಿರ ಹೊಸ ರೋಗಿಗಳು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಇದು ಕಡಿಮೆಯೇ. ಆದರೆ ನಮ್ಮ ನಗರಗಳ ಚಿತ್ರ ಬೇರೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯ ಲೆಕ್ಕದಲ್ಲಿ ಪುರುಷರ ಪ್ರಮುಖ ಕ್ಯಾನ್ಸರ್‌ಗಳ ಸಾಲಿನಲ್ಲಿ ಪ್ರಾಸ್ಟೇಟ್ ಸ್ಥಾನ ಪಡೆದು ವರ್ಷಗಳೇ ಕಳೆದಿವೆ.

ಈ ರೋಗಕ್ಕೂ ಪುರುಷ ಹಾರ್ಮೋನಿಗೂ ನಂಟಿದೆ ಎಂಬುದು ಬಹುತೇಕ ಓದುಗರು ಕೇಳಿರುವ ಸಂಗತಿ. ನಂಟು ಎಂಥದ್ದು ಎಂಬಲ್ಲಿಯೇ ಗೊಂದಲ. ಹಾರ್ಮೋನು ಹೆಚ್ಚಿದ್ದವರಿಗೆ ಕ್ಯಾನ್ಸರ್ ಬರುತ್ತದೆಯೆ? ಕಡಿಮೆ ಇದ್ದವರು ನಿಶ್ಚಿಂತರಾಗಿರಬಹುದೆ? ಹಾರ್ಮೋನಿನಿಂದ ಬಂದ ರೋಗಕ್ಕೆ ಮತ್ತೆ 'ಹಾರ್ಮೋನು ಚಿಕಿತ್ಸೆ' ಏಕೆ? ರೋಗ ಪತ್ತೆಯಾದ ಮನೆಗಳಲ್ಲಿ ಈ ಪ್ರಶ್ನೆಗಳು ಕೇವಲ ಕುತೂಹಲದವಲ್ಲ. ಇವುಗಳಿಗೆ ದೊರೆಯುವ ತಪ್ಪು ಉತ್ತರದಿಂದಾಗಿ ಕೆಲವರು ಚಿಕಿತ್ಸೆಯನ್ನೇ ನಿರಾಕರಿಸುವುದುಂಟು.

ಶಿವಮೊಗ್ಗ ಮತ್ತು ಭದ್ರಾವತಿ ನಗರಗಳನ್ನು ಜೋಡಿಸುವ ಬಿ.ಎಚ್. ರಸ್ತೆಯಲ್ಲಿರುವ ಮಲವಗೊಪ್ಪವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ಬದಿಗೆ ಜಿಲ್ಲಾ ಕೇಂದ್ರ, ಇನ್ನೊಂದು ಬದಿಗೆ ಭದ್ರಾವತಿಯ ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳು. 1970 ಮತ್ತು 80ರ ದಶಕಗಳಲ್ಲಿ ಈ ಸೀಮೆಯ ಕಾರ್ಖಾನೆಗಳಿಗೆ ಸೇರಿ ದುಡಿದ ತಲೆಮಾರು ಈಗ ಅರವತ್ತೈದು, ಎಪ್ಪತ್ತೈದರ ಆಸುಪಾಸಿನಲ್ಲಿದೆ. ಪ್ರಾಸ್ಟೇಟ್ ಕ್ಯಾನ್ಸರ್ ಅತಿ ಹೆಚ್ಚಾಗಿ ಪತ್ತೆಯಾಗುವುದು ಇದೇ ವಯಸ್ಸಿನಲ್ಲಿ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದನ್ನು 'ವಯಸ್ಸಾದ ಮೇಲೆ ಇದ್ದದ್ದೇ' ಎಂದೂ, ಸೊಂಟದ ನೋವನ್ನು 'ವಾಯು' ಎಂದೂ ತಳ್ಳಿಹಾಕಿ ಎಣ್ಣೆ ತಿಕ್ಕಿಸಿಕೊಳ್ಳುವವರು ಈ ಭಾಗದಲ್ಲಿ ಮಾತ್ರವಲ್ಲ, ನಾಡಿನ ಎಲ್ಲೆಡೆಯೂ ಇದ್ದಾರೆ. ಆ ಸೊಂಟದ ನೋವು ಕೆಲವೊಮ್ಮೆ ಬೆನ್ನುಮೂಳೆಗೆ ಹಬ್ಬಿದ ಕ್ಯಾನ್ಸರ್‌ನ ಮೊದಲ ಸುಳಿವಾಗಿರುತ್ತದೆ.

ಗ್ರಂಥಿ ಮತ್ತು ಅದರ ಹಾರ್ಮೋನು

ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಗ್ರಂಥಿ. ಯೌವನದಲ್ಲಿ ಇದರ ತೂಕ ಸುಮಾರು 20 ಗ್ರಾಂ. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ಒದಗಿಸುವುದು ಇದರ ಕೆಲಸ. ಈ ಗ್ರಂಥಿ ಬೆಳೆಯಲು, ಬೆಳೆದು ಉಳಿಯಲು ಪುರುಷ ಹಾರ್ಮೋನು ಬೇಕೇ ಬೇಕು.

ಮುಖ್ಯ ಪುರುಷ ಹಾರ್ಮೋನು ಟೆಸ್ಟೋಸ್ಟಿರಾನ್. ಇದರ ಶೇ. 90ಕ್ಕೂ ಹೆಚ್ಚು ಭಾಗ ವೃಷಣಗಳಲ್ಲಿ ತಯಾರಾಗುತ್ತದೆ. ಉಳಿದದ್ದು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ಸ್ರಾವದಿಂದ ದೊರೆಯುತ್ತದೆ. ವೃಷಣಗಳಿಗೆ ಆಜ್ಞೆ ಹೋಗುವುದು ಮಿದುಳಿನಿಂದ. ಹೈಪೋಥಲಾಮಸ್ ಎಂಬ ಭಾಗ ಎಲ್‌ಎಚ್‌ಆರ್‌ಎಚ್ ಎಂಬ ಸಂದೇಶವನ್ನು ಪಿಟ್ಯುಟರಿ ಗ್ರಂಥಿಗೆ ಕಳುಹಿಸುತ್ತದೆ. ಪಿಟ್ಯುಟರಿಯು ಎಲ್‌ಎಚ್ ಎಂಬ ಹಾರ್ಮೋನಿನ ಮೂಲಕ ವೃಷಣಗಳನ್ನು ಚೋದಿಸುತ್ತದೆ. ಈ ಸರಪಳಿ ನೆನಪಿನಲ್ಲಿದ್ದರೆ ಮುಂದೆ ಬರುವ ಚಿಕಿತ್ಸೆಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಇವುಗಳಲ್ಲಿ ಪ್ರತಿಯೊಂದೂ ಸರಪಳಿಯ ಒಂದಲ್ಲ ಒಂದು ಕೊಂಡಿಯನ್ನು ತುಂಡರಿಸುವ ಉಪಾಯವೇ ಆಗಿದೆ.

ರಕ್ತದಲ್ಲಿರುವ ಟೆಸ್ಟೋಸ್ಟಿರಾನ್‌ನ ಬಹುಪಾಲು ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ, ಬಿಡಿಯಾಗಿರುವುದು ಶೇ. 2ರಷ್ಟು ಮಾತ್ರ. ಪ್ರಾಸ್ಟೇಟ್‌ನ ಜೀವಕೋಶದೊಳಗೆ ಹೊಕ್ಕ ಮೇಲೆ ಒಂದು ಕಿಣ್ವವು ಇದನ್ನು ಡಿಎಚ್‌ಟಿ ಎಂಬ, ಹಲವು ಪಟ್ಟು ಪ್ರಬಲವಾದ ರೂಪಕ್ಕೆ ಬದಲಾಯಿಸುತ್ತದೆ. ಜೀವಕೋಶದಲ್ಲಿರುವ ಹಾರ್ಮೋನು ಗ್ರಾಹಕಕ್ಕೆ ಡಿಎಚ್‌ಟಿ ಅಂಟಿಕೊಂಡಾಗ 'ಬೆಳೆ' ಎಂಬ ಆಜ್ಞೆ ಜಾರಿಯಾಗುತ್ತದೆ. ಹೀಗಾಗಿ ಪ್ರಯೋಗಾಲಯದ ಚೀಟಿಯಲ್ಲಿ ಕಾಣುವ ಅಂಕಿಯೇ ಬೇರೆ, ಗ್ರಂಥಿಯೊಳಗೆ ನಡೆಯುವ ವ್ಯವಹಾರವೇ ಬೇರೆ.

ಹಗ್ಗಿನ್ಸ್ ಕಂಡುಕೊಂಡ ಸತ್ಯ

1941ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗ್ಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ಒಂದು ಮಹತ್ವದ ಪ್ರಬಂಧವನ್ನು ಪ್ರಕಟಿಸಿದರು. ಹಗ್ಗಿನ್ಸ್ ಮೊದಲು ನಾಯಿಗಳ ಪ್ರಾಸ್ಟೇಟ್ ಗ್ರಂಥಿಯ ಅಧ್ಯಯನದಲ್ಲಿ ತೊಡಗಿದ್ದವರು. ವಯಸ್ಸಾದ ನಾಯಿಗಳಲ್ಲಿಯೂ ಮನುಷ್ಯರಂತೆಯೇ ಈ ಗ್ರಂಥಿ ಊದಿಕೊಳ್ಳುತ್ತದೆ. ವೃಷಣಗಳನ್ನು ತೆಗೆದರೆ ಕುಗ್ಗುತ್ತದೆ. ಮೂಳೆಗಳಿಗೆ ಕ್ಯಾನ್ಸರ್ ಹಬ್ಬಿದ್ದ ರೋಗಿಗಳಿಗೆ ಇದೇ ಉಪಾಯವನ್ನು ಅನ್ವಯಿಸಿದಾಗ ಅವರ ರಕ್ತದಲ್ಲಿ ರೋಗದ ಸೂಚಕವಾಗಿದ್ದ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವದ ಪ್ರಮಾಣ ಇಳಿಯಿತು. ಸ್ತ್ರೀ ಹಾರ್ಮೋನಾದ ಈಸ್ಟ್ರೋಜೆನ್ ಕೊಟ್ಟಾಗಲೂ ಇಳಿಯಿತು. ಪುರುಷ ಹಾರ್ಮೋನನ್ನು ಚುಚ್ಚಿದಾಗ ಏರಿತು. ನೋವಿನಿಂದ ಹಾಸಿಗೆ ಹಿಡಿದಿದ್ದ ರೋಗಿಗಳು ಚೇತರಿಸಿಕೊಂಡರು.

ಕ್ಯಾನ್ಸರ್ ಎಂಬುದು ದೇಹದ ಯಾವ ಅಂಕೆಗೂ ಸಿಗದೆ ಬೆಳೆಯುವ ರೋಗವೆಂದು ನಂಬಿದ್ದ ಕಾಲವದು. ಮುಂದುವರಿದ ಹಂತದಲ್ಲಿಯೂ ಅದು ದೇಹದ ಒಂದು ಸ್ರಾವವನ್ನು ನೆಚ್ಚಿಕೊಂಡಿರಬಹುದು, ಆ ಸ್ರಾವವನ್ನು ತಡೆದರೆ ರೋಗವೂ ಮುದುಡಬಹುದು ಎಂದು ತೋರಿಸಿದ್ದಕ್ಕಾಗಿ ಹಗ್ಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಪ್ರಬಂಧ ಪ್ರಕಟವಾಗಿ ಅದಾಗಲೇ 25 ವರ್ಷಗಳಾಗಿದ್ದವು.

ಈ ಸಂಶೋಧನೆಯಿಂದ ವೈದ್ಯಲೋಕವು ಒಂದು ಅವಸರದ ತೀರ್ಮಾನಕ್ಕೂ ಬಂದಿತು. ಹಾರ್ಮೋನು ಇಳಿದರೆ ಕ್ಯಾನ್ಸರ್ ಕುಗ್ಗುವುದಾದರೆ, ಹಾರ್ಮೋನು ಹೆಚ್ಚಿದ್ದವರಿಗೆ ಕ್ಯಾನ್ಸರ್ ಹೆಚ್ಚಾಗಿ ಬರಬೇಕಲ್ಲವೆ? ಮೇಲ್ನೋಟಕ್ಕೆ ಈ ತರ್ಕದಲ್ಲಿ ತಪ್ಪಿಲ್ಲ. ಹಲವು ದಶಕಗಳ ಕಾಲ ಪಠ್ಯಪುಸ್ತಕಗಳು ಇದನ್ನೇ ಸೂಚಿಸಿದವು.

ಲೆಕ್ಕ ಹಾಕಿದಾಗ ಕಂಡದ್ದು

ಈ ತರ್ಕವನ್ನು ಒರೆಗೆ ಹಚ್ಚಲು ಇರುವ ಸರಿಯಾದ ದಾರಿ ಒಂದೇ. ಆರೋಗ್ಯವಂತ ಪುರುಷರ ರಕ್ತವನ್ನು ಸಂಗ್ರಹಿಸಿಟ್ಟು, ವರ್ಷಗಟ್ಟಲೆ ಕಾದು, ಮುಂದೆ ಕ್ಯಾನ್ಸರ್ ಬಂದವರ ಮತ್ತು ಬಾರದವರ ಹಳೆಯ ಹಾರ್ಮೋನು ಮಟ್ಟಗಳನ್ನು ಹೋಲಿಸುವುದು. ಜಗತ್ತಿನ ವಿವಿಧೆಡೆ ನಡೆದ ಇಂತಹ 18 ಅಧ್ಯಯನಗಳನ್ನು ಒಟ್ಟುಗೂಡಿಸಿ, ಆಕ್ಸ್‌ಫರ್ಡ್ ಕೇಂದ್ರಿತ ಸಂಶೋಧಕರ ಕೂಟವೊಂದು 2008ರಲ್ಲಿ ವರದಿ ಪ್ರಕಟಿಸಿತು. ಕ್ಯಾನ್ಸರ್ ಬಂದ 3,886 ಮಂದಿಯನ್ನೂ ಬಾರದ 6,438 ಮಂದಿಯನ್ನೂ ಅದರಲ್ಲಿ ಹೋಲಿಸಲಾಗಿತ್ತು. ಟೆಸ್ಟೋಸ್ಟಿರಾನ್ ಆಗಲಿ, ಡಿಎಚ್‌ಟಿ ಆಗಲಿ, ಈಸ್ಟ್ರೋಜೆನ್ ಆಗಲಿ, ರಕ್ತದಲ್ಲಿನ ಮಟ್ಟಕ್ಕೂ ಕ್ಯಾನ್ಸರ್ ಬರುವ ಸಂಭವಕ್ಕೂ ಸಂಬಂಧ ಕಾಣಲಿಲ್ಲ. ಹಾರ್ಮೋನು ಹೆಚ್ಚಿದ್ದವರಿಗೂ ಸಾಧಾರಣ ಮಟ್ಟದಲ್ಲಿದ್ದವರಿಗೂ ಅಪಾಯ ಸರಿಸುಮಾರು ಒಂದೇ ಆಗಿತ್ತು.

ಅದೇ ಕೂಟ 2018ರಲ್ಲಿ ಇನ್ನಷ್ಟು ದೊಡ್ಡ ಸಂಖ್ಯೆಯ ಪುರುಷರ ಮಾಹಿತಿಯನ್ನು ಹಿಡಿದು ಮತ್ತೆ ಲೆಕ್ಕ ಹಾಕಿದಾಗ ಒಂದು ಸೂಕ್ಷ್ಮ ಸಂಗತಿ ಹೊರಬಿದ್ದಿತು. ಬಿಡಿ ಟೆಸ್ಟೋಸ್ಟಿರಾನ್ ಅತ್ಯಂತ ಕಡಿಮೆ ಇದ್ದ, ಅಂದರೆ ಹತ್ತರಲ್ಲಿ ಒಂದು ಪಾಲಿನ ಕಟ್ಟಕಡೆಯ ಗುಂಪಿನವರಲ್ಲಿ ಕ್ಯಾನ್ಸರ್ ಸಂಭವ ಉಳಿದವರಿಗಿಂತ ಶೇ. 23ರಷ್ಟು ಕಡಿಮೆ ಇತ್ತು. ಆದರೆ ಅವರಲ್ಲಿ ಉಗ್ರ ಸ್ವರೂಪದ ಕ್ಯಾನ್ಸರ್‌ನ ಸಂಭವ ಕಡಿಮೆಯಾಗಿರಲಿಲ್ಲ; ಬದಲಾಗಿ ತುಸು ಹೆಚ್ಚೇ ಇದ್ದಂತೆ ಕಂಡಿತು. ಕಡಿಮೆ ಹಾರ್ಮೋನು ಎಂಬುದು ರಕ್ಷಾಕವಚವಲ್ಲ ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಹಗ್ಗಿನ್ಸ್ ಹೇಳಿದ್ದು ಸುಳ್ಳೆ? ಅಲ್ಲ. ಎರಡೂ ಏಕಕಾಲಕ್ಕೆ ನಿಜವಾಗಿರುವುದು ಹೇಗೆಂಬುದನ್ನು ವಿವರಿಸಿದವರಲ್ಲಿ ಬಾಸ್ಟನ್ನಿನ ಮೂತ್ರಾಂಗ ತಜ್ಞ ಅಬ್ರಹಾಂ ಮಾರ್ಗೆಂಟೇಲರ್ ಪ್ರಮುಖರು. ಅವರ ವಾದವನ್ನು ಭದ್ರಾ ನಾಲೆಯ ಅಚ್ಚುಕಟ್ಟಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆ ಒಣಗಿದ್ದಾಗ ಬಿಟ್ಟ ಪ್ರತಿ ಹನಿ ನೀರೂ ಪೈರಿಗೆ ಉಪಯೋಗವಾಗುತ್ತದೆ. ಗದ್ದೆ ತುಂಬಿದ ಮೇಲೆ ಎಷ್ಟು ನೀರು ಬಿಟ್ಟರೂ ಅದು ಬದು ದಾಟಿ ಹರಿಯುತ್ತದೆಯೇ ವಿನಾ ಪೈರು ಎರಡು ಪಟ್ಟು ಬೆಳೆಯುವುದಿಲ್ಲ. ಪ್ರಾಸ್ಟೇಟ್‌ನ ಜೀವಕೋಶಗಳಲ್ಲಿ ಇರುವ ಗ್ರಾಹಕಗಳ ಸಂಖ್ಯೆ ಮಿತವಾದದ್ದು. ರಕ್ತದ ಟೆಸ್ಟೋಸ್ಟಿರಾನ್ ಪ್ರತಿ ಡೆಸಿಲೀಟರ್‌ಗೆ ಸುಮಾರು 250 ನ್ಯಾನೋಗ್ರಾಂ ತಲುಪುವ ಹೊತ್ತಿಗೆ ಅವು ಭರ್ತಿಯಾಗಿಬಿಡುತ್ತವೆ ಎಂದು ಈ ವಾದ ಹೇಳುತ್ತದೆ. ವಯಸ್ಕರಲ್ಲಿ ಸಾಮಾನ್ಯ ಮಟ್ಟ ಸುಮಾರು 300ರಿಂದ 1,000. ಹೀಗಾಗಿ 400 ಇದ್ದವನಿಗೂ 800 ಇದ್ದವನಿಗೂ ಗ್ರಂಥಿಯ ಮಟ್ಟಿಗೆ ವ್ಯತ್ಯಾಸವಿಲ್ಲ. ಮಟ್ಟವನ್ನು 50ಕ್ಕಿಂತ ಕೆಳಕ್ಕೆ ಇಳಿಸಿದಾಗ ಮಾತ್ರ ಗದ್ದೆ ಒಣಗತೊಡಗುತ್ತದೆ. ಹಗ್ಗಿನ್ಸ್ ಮಾಡಿದ್ದು ಅದನ್ನೇ.

ಇದು ಬರೀ ಹೋಲಿಕೆಯ ಮಾತಲ್ಲ. ಟೆಸ್ಟೋಸ್ಟಿರಾನ್ ಕೊರತೆಯಿದ್ದ ಪುರುಷರಿಗೆ ಆರು ತಿಂಗಳು ಚುಚ್ಚುಮದ್ದು ಕೊಟ್ಟು, ಮೊದಲು ಮತ್ತು ಕೊನೆಗೆ ಪ್ರಾಸ್ಟೇಟ್‌ನ ಚೂರನ್ನು ತೆಗೆದು ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. 40 ಮಂದಿ ಅದನ್ನು ಪೂರೈಸಿದ್ದರು. ರಕ್ತದಲ್ಲಿ ಹಾರ್ಮೋನಿನ ಮಟ್ಟ ಏರಿತ್ತು. ಗ್ರಂಥಿಯ ಒಳಗೆ ಹೆಚ್ಚಿನ ಬದಲಾವಣೆ ಇರಲಿಲ್ಲ.

ತೀರ ಕಡಿಮೆ ಮಟ್ಟದಲ್ಲಿ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿಯೂ ಸಾಕ್ಷ್ಯವಿದೆ. ಚೀನಾದ ಅರಮನೆಯಲ್ಲಿ ಸೇವೆ ಮಾಡಲೆಂದು ಎಳೆಯ ವಯಸ್ಸಿನಲ್ಲಿ ವೃಷಣಗಳನ್ನು ಕಳೆದುಕೊಂಡಿದ್ದ 26 ಮಂದಿ ವೃದ್ಧರನ್ನು ವೈದ್ಯರು ಪರೀಕ್ಷಿಸಿದಾಗ 21 ಮಂದಿಯಲ್ಲಿ ಪ್ರಾಸ್ಟೇಟ್ ಗ್ರಂಥಿ ಬೆರಳಿಗೇ ಸಿಗಲಿಲ್ಲ. ಡಾಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳಲ್ಲಿ ಡಿಎಚ್‌ಟಿ ತಯಾರಿಸುವ ಕಿಣ್ವವೇ ಹುಟ್ಟಿನಿಂದ ಕೊರತೆಯಾಗಿರುವ ಪುರುಷರಿದ್ದಾರೆಂಬುದು 1974ರಲ್ಲಿ ಬೆಳಕಿಗೆ ಬಂದಿತು. ಅವರ ಪ್ರಾಸ್ಟೇಟ್ ಜೀವನಪೂರ್ತಿ ಪುಟ್ಟದಾಗಿಯೇ ಉಳಿಯುತ್ತದೆ. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಎಂಬ ಮಾತ್ರೆಗೆ ಪ್ರೇರಣೆಯಾದದ್ದು ಈ ಕುಟುಂಬಗಳೇ.

ಫಿನಾಸ್ಟರೈಡ್‌ನಿಂದ ಕ್ಯಾನ್ಸರ್ ತಡೆಯಬಹುದೆ ಎಂದು 18,882 ಪುರುಷರ ಮೇಲೆ ನಡೆಸಿದ ಏಳು ವರ್ಷಗಳ ಪ್ರಯೋಗದ ಫಲಿತಾಂಶ 2003ರಲ್ಲಿ ಹೊರಬಂತು. ಕ್ಯಾನ್ಸರ್ ಶೇ. 25ರಷ್ಟು ಕಡಿಮೆಯಾಗಿತ್ತು. ಆದರೆ ಮಾತ್ರೆ ತೆಗೆದುಕೊಂಡವರಲ್ಲಿ ಉಗ್ರ ಸ್ವರೂಪದ ಗೆಡ್ಡೆ ತುಸು ಹೆಚ್ಚು ಕಂಡುಬಂದು ಎಲ್ಲರೂ ಗಾಬರಿಯಾದರು. ಗ್ರಂಥಿ ಕುಗ್ಗಿದ್ದರಿಂದ ಅಂತಹ ಗೆಡ್ಡೆ ಸುಲಭವಾಗಿ ಸೂಜಿಗೆ ಸಿಕ್ಕಿತಷ್ಟೆ ಎಂಬ ವಿವರಣೆಯನ್ನು ಮುಂದಿನ ವರ್ಷಗಳ ಮಾಹಿತಿ ಬೆಂಬಲಿಸಿತು. ದೀರ್ಘಕಾಲದಲ್ಲಿ ಸಾವು ಹೆಚ್ಚಲಿಲ್ಲ. ಆದರೂ ಕ್ಯಾನ್ಸರ್ ತಡೆಗೆಂದು ಈ ಮಾತ್ರೆಯನ್ನು ಕೊಡುವ ಪದ್ಧತಿ ಬೆಳೆಯಲಿಲ್ಲ.

ಹಾರ್ಮೋನಿನ ಮಟ್ಟ ಕಾರಣವಲ್ಲವಾದರೆ ಅಪಾಯ ನಿರ್ಧರಿಸುವುದು ಯಾವುದು? ಎಲ್ಲಕ್ಕಿಂತ ದೊಡ್ಡದು ವಯಸ್ಸು. ಬೇರೆ ಕಾರಣದಿಂದ ಮೃತರಾದ, ಎಂಬತ್ತರ ಗಡಿ ದಾಟಿದ ಪುರುಷರ ಶವಪರೀಕ್ಷೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಪ್ರಾಸ್ಟೇಟ್‌ನಲ್ಲಿ ಕ್ಯಾನ್ಸರ್‌ನ ಕಣಗಳು ಕಂಡಿವೆ. ಅವರು ಅದನ್ನು ಅರಿಯದೆಯೇ ಬಾಳಿದ್ದರು. ಎರಡನೆಯದು ವಂಶ. ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗ ಬಂದಿದ್ದರೆ ಸಂಭವ ಸುಮಾರು ಎರಡು ಪಟ್ಟಾಗುತ್ತದೆ. ತಾಯಿಯ ಕಡೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೂ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಬಿಆರ್‌ಸಿಎ-2 ಎಂಬ ವಂಶವಾಹಿಯ ದೋಷವು ಹೆಣ್ಣುಮಕ್ಕಳಲ್ಲಿ ಸ್ತನದ, ಗಂಡುಮಕ್ಕಳಲ್ಲಿ ಪ್ರಾಸ್ಟೇಟ್‌ನ ರೋಗವಾಗಿ ತೋರಬಲ್ಲದು.

ಚುಚ್ಚುಮದ್ದಿನ ಆಸೆ

ನಲವತ್ತರ ನಂತರ ಟೆಸ್ಟೋಸ್ಟಿರಾನ್ ವರ್ಷಕ್ಕೆ ಸುಮಾರು ಶೇ. 1ರಂತೆ ನಿಧಾನವಾಗಿ ಇಳಿಯುತ್ತದೆ. ಇದನ್ನೇ ಬಂಡವಾಳ ಮಾಡಿಕೊಂಡು 'ಪುರುಷತ್ವ ವೃದ್ಧಿ'ಯ ಜಾಹೀರಾತುಗಳು ಬಸ್ ನಿಲ್ದಾಣದ ಗೋಡೆಗಳಿಂದ ಮೊಬೈಲ್ ಪರದೆಗೆ ಹಬ್ಬಿವೆ. ನಿಜವಾದ ಕೊರತೆ ಇರುವವರಿಗೆ ವೈದ್ಯರ ಉಸ್ತುವಾರಿಯಲ್ಲಿ ಕೊಡುವ ಟೆಸ್ಟೋಸ್ಟಿರಾನ್ ಕ್ಯಾನ್ಸರ್ ತರುತ್ತದೆಯೆ ಎಂಬ ಪ್ರಶ್ನೆಗೆ 2023ರಲ್ಲಿ ಪ್ರಕಟವಾದ, 5 ಸಾವಿರಕ್ಕೂ ಹೆಚ್ಚು ಪುರುಷರಿದ್ದ ಟ್ರಾವರ್ಸ್ ಎಂಬ ಪ್ರಯೋಗ ಉತ್ತರಿಸಿದೆ. ಟೆಸ್ಟೋಸ್ಟಿರಾನ್ ಪಡೆದವರಲ್ಲಿಯೂ ಹುಸಿ ಔಷಧ ಪಡೆದವರಲ್ಲಿಯೂ ಪ್ರಾಸ್ಟೇಟ್ ಕ್ಯಾನ್ಸರ್ ವಿರಳವಾಗಿತ್ತು, ಗಣನೀಯ ವ್ಯತ್ಯಾಸವಿರಲಿಲ್ಲ. ಆದರೆ ಪಿಎಸ್‌ಎ ಹೆಚ್ಚಿದ್ದವರನ್ನು ಮೊದಲೇ ಹೊರಗಿಟ್ಟು ನಡೆಸಿದ ಪ್ರಯೋಗವದು ಎಂಬುದನ್ನು ಮರೆಯಲಾಗದು. ಪರೀಕ್ಷೆಯಿಲ್ಲದೆ ಅಂಗಡಿಯಿಂದ ತಂದು ಚುಚ್ಚಿಕೊಳ್ಳುವವರಿಗೆ ಅದರ ಭರವಸೆ ಸಲ್ಲದು. ವ್ಯಾಯಾಮಶಾಲೆಗಳಲ್ಲಿ ಕೈಬದಲಾಗುವ ಸ್ಟಿರಾಯ್ಡುಗಳಂತೂ ಸ್ವಂತ ವೃಷಣಗಳ ಕೆಲಸವನ್ನೇ ನಿಲ್ಲಿಸಿ ಸಂತಾನಹೀನತೆಗೆ ದೂಡಬಲ್ಲವು.

ಟೆಸ್ಟೋಸ್ಟಿರಾನ್ ಪರೀಕ್ಷೆಯನ್ನು ಬೆಳಗಿನ ಹೊತ್ತು, ಬೇರೆ ಬೇರೆ ದಿನ ಎರಡು ಸಲ ಮಾಡಿಸಬೇಕು. ಸಂಜೆಯ ಮಟ್ಟ ಸಹಜವಾಗಿಯೇ ಕೆಳಗಿರುತ್ತದೆ. ಕ್ಯಾನ್ಸರ್ ಇದೆಯೇ ಇಲ್ಲವೇ ಎಂದು ಅರಿಯಲು ಈ ಪರೀಕ್ಷೆ ಉಪಯೋಗಕ್ಕೆ ಬಾರದು. ಅದಕ್ಕೆ ಬೇಕಾದದ್ದು ಪಿಎಸ್‌ಎ, ವೈದ್ಯರು ಬೆರಳಿನಿಂದ ಮಾಡುವ ಪರೀಕ್ಷೆ, ಅಗತ್ಯಬಿದ್ದರೆ ಎಂಆರ್‌ಐ ಮತ್ತು ಬಯಾಪ್ಸಿ.

ಹಾರ್ಮೋನು ಚಿಕಿತ್ಸೆ ಎಂದರೆ ಹಾರ್ಮೋನು ತಡೆ

ಹೆಸರೇ ದಾರಿ ತಪ್ಪಿಸುವಂಥದ್ದು. ಸ್ತ್ರೀಯರಿಗೆ ಮುಟ್ಟು ನಿಂತ ಮೇಲೆ ಕೊಡುವ ಹಾರ್ಮೋನು ಚಿಕಿತ್ಸೆಯಲ್ಲಿ ಹಾರ್ಮೋನನ್ನು ಕೊಡುತ್ತಾರೆ, ಇಲ್ಲಿ ಕಸಿದುಕೊಳ್ಳುತ್ತಾರೆ. ಇದು ಎಲ್ಲ ರೋಗಿಗಳಿಗೂ ಬೇಕಾದದ್ದಲ್ಲ. ಗ್ರಂಥಿಯೊಳಗೇ ಇರುವ, ನಿಧಾನವಾಗಿ ಬೆಳೆಯುವ ಕ್ಯಾನ್ಸರ್ ಆದರೆ ನಿಗಾ ಇಡುವುದು, ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಸಾಕು. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ ಅಂಥ 1,643 ಮಂದಿಯನ್ನು 15 ವರ್ಷ ಹಿಂಬಾಲಿಸಿದಾಗ ಯಾವ ದಾರಿ ಹಿಡಿದವರಲ್ಲಿಯೂ ಈ ರೋಗದಿಂದ ಸತ್ತವರು ಶೇ. 3ರ ಆಸುಪಾಸಿನಲ್ಲಿದ್ದರು. ಅಪಾಯ ಹೆಚ್ಚಿರುವ ಗೆಡ್ಡೆಗೆ ವಿಕಿರಣದ ಜೊತೆ ಕೆಲವು ತಿಂಗಳಿನಿಂದ ಮೂರು ವರ್ಷಗಳವರೆಗೆ ಹಾರ್ಮೋನು ತಡೆ ಕೊಡಲಾಗುತ್ತದೆ. ಮೂಳೆಗೆ ಹಬ್ಬಿದವರಿಗೆ ಇದು ಚಿಕಿತ್ಸೆಯ ಬುನಾದಿ.

ತಡೆಯುವ ಅತ್ಯಂತ ಹಳೆಯ, ಅಗ್ಗದ ಮತ್ತು ಖಚಿತವಾದ ವಿಧಾನವೆಂದರೆ ಎರಡೂ ವೃಷಣಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆ. ಟೆಸ್ಟೋಸ್ಟಿರಾನ್ ಗಂಟೆಗಳಲ್ಲಿ ಕುಸಿಯುತ್ತದೆ. ಒಂದೇ ಬಾರಿಯ ಖರ್ಚು, ಚಿಕ್ಕ ಶಸ್ತ್ರಚಿಕಿತ್ಸೆ. ಬೆನ್ನುಹುರಿಯ ಮೇಲೆ ಗೆಡ್ಡೆಯ ಒತ್ತಡ ಬಿದ್ದು ಕಾಲಿನ ಶಕ್ತಿ ಕುಂದುತ್ತಿರುವ ರೋಗಿಗೆ ಈ ವೇಗವೇ ನಡೆದಾಡುವುದಕ್ಕೂ ಹಾಸಿಗೆ ಹಿಡಿಯುವುದಕ್ಕೂ ಇರುವ ಅಂತರವಾಗಬಲ್ಲದು. ಆದರೆ ನಮ್ಮ ಸಮಾಜದಲ್ಲಿ ಇದನ್ನು ಒಪ್ಪುವುದು ಸುಲಭವಲ್ಲ. ಹೋರಿಗೆ ಬೀಜ ಒಡೆಸಿ ಎತ್ತು ಮಾಡುವುದನ್ನು ಕಂಡು ಬೆಳೆದ ತಲೆಮಾರಿಗೆ ಈ ಶಸ್ತ್ರಚಿಕಿತ್ಸೆಯ ಹೆಸರೇ ಅವಮಾನದಂತೆ ಕೇಳಿಸುತ್ತದೆ. ಎಪ್ಪತ್ತರ ವೃದ್ಧರು ಮಕ್ಕಳೆದುರು ಇದನ್ನು ಬಾಯಿಬಿಟ್ಟು ಹೇಳಲಾರರು. ಮಕ್ಕಳು ಅಪ್ಪನ ಬಳಿ ಕೇಳಲಾರರು. ಚೀಲವನ್ನು ಹಾಗೆಯೇ ಉಳಿಸಿ, ಹೊರಕವಚವನ್ನೂ ಉಳಿಸಿ, ಹಾರ್ಮೋನು ತಯಾರಿಸುವ ಒಳಭಾಗವನ್ನಷ್ಟೇ ತೆಗೆಯುವ ವಿಧಾನವೂ ಇದೆ ಎಂಬುದನ್ನು ವೈದ್ಯರು ಎರಡು ಮಾತಿನಲ್ಲಿ ವಿವರಿಸಿದರೆ ಎಷ್ಟೋ ಅಳುಕು ಕಳೆಯಬಹುದು. ಚುಚ್ಚುಮದ್ದನ್ನೇ ಆರಿಸಿಕೊಂಡರೂ ಅದು ಮಾಡುವ ಕೆಲಸ ಇದೇ, ಲೈಂಗಿಕ ಆಸಕ್ತಿಯ ಮೇಲಿನ ಪರಿಣಾಮವೂ ಬಹುಮಟ್ಟಿಗೆ ಇದೇ ಎಂಬುದು ಹಲವರಿಗೆ ತಿಳಿದಿಲ್ಲ. ವ್ಯತ್ಯಾಸವಿರುವುದು ಚುಚ್ಚುಮದ್ದನ್ನು ನಿಲ್ಲಿಸಬಹುದು ಎಂಬಲ್ಲಿ.

ಮಿದುಳಿನ ಎಲ್‌ಎಚ್‌ಆರ್‌ಎಚ್ ಸಂದೇಶದ ರಚನೆಯನ್ನು ಬಿಡಿಸಿದ ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಯ್ಮೆ 1977ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಅದರ ನಕಲುಗಳಾದ ಲ್ಯುಪ್ರೋಲೈಡ್, ಗೋಸರೆಲಿನ್, ಟ್ರಿಪ್ಟೋರೆಲಿನ್ ಮುಂತಾದ ಚುಚ್ಚುಮದ್ದುಗಳು 1980ರ ದಶಕದಿಂದ ಬಳಕೆಗೆ ಬಂದವು. ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಇವನ್ನು ಪಡೆಯಬೇಕು. ಇವು ಪಿಟ್ಯುಟರಿಯನ್ನು ಮೊದಲು ಕೆರಳಿಸಿ ಅನಂತರ ದಣಿಸುವುದರಿಂದ ಮೊದಲ ಒಂದೆರಡು ವಾರ ಟೆಸ್ಟೋಸ್ಟಿರಾನ್ ಏರುತ್ತದೆ. ನೋವು ಉಲ್ಬಣಿಸದಂತೆ ಆ ಅವಧಿಯಲ್ಲಿ ಬೈಕಲುಟಮೈಡ್‌ನಂಥ ಮಾತ್ರೆ ಕೊಡುವುದು ವಾಡಿಕೆ. 2008ರಲ್ಲಿ ಬಂದ ಡೆಗರೆಲಿಕ್ಸ್ ಚುಚ್ಚುಮದ್ದಿನಲ್ಲಿ ಈ ಏರಿಕೆ ಇಲ್ಲ. ದೆಹಲಿಯ ವಿಜ್ಞಾನಿ ಜಿ.ಪಿ. ತಲ್ವಾರ್ ಅವರ ತಂಡ ಇದೇ ಸಂದೇಶದ ವಿರುದ್ಧ ಲಸಿಕೆಯೊಂದನ್ನು ರೂಪಿಸಿ 28 ರೋಗಿಗಳ ಮೇಲೆ ಪರೀಕ್ಷಿಸಿತ್ತು ಎಂಬುದು ನಮ್ಮ ದೇಶದ ವಿಜ್ಞಾನದ ಹೆಚ್ಚು ಪ್ರಚಾರಕ್ಕೆ ಬಾರದ ಅಧ್ಯಾಯ.

ಹಾರ್ಮೋನು ತಡೆಗೆ ಬೆಲೆಯೂ ಇದೆ. ಮೈ ಒಮ್ಮೆಲೇ ಬಿಸಿಯೇರಿ ಬೆವರುವುದು, ಸ್ನಾಯು ಸವೆದು ಕೊಬ್ಬು ಸೇರುವುದು, ಮೂಳೆ ಟೊಳ್ಳಾಗುವುದು, ಮನಸ್ಸು ಕುಗ್ಗುವುದು, ಸಕ್ಕರೆ ಕಾಯಿಲೆಯ ಹತೋಟಿ ತಪ್ಪುವುದು, ಹೃದಯದ ತೊಂದರೆ. ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ನಮ್ಮಲ್ಲಿ ಇವು ಚಿಕ್ಕ ಸಂಗತಿಗಳಲ್ಲ. ದಿನವೂ ನಡಿಗೆ, ಭಾರ ಎತ್ತುವ ಹಗುರ ವ್ಯಾಯಾಮ, ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವ, ಮೂಳೆ ಸಾಂದ್ರತೆಯ ಪರೀಕ್ಷೆ ಇವುಗಳನ್ನು ಚಿಕಿತ್ಸೆಯ ಜೊತೆಗೇ ಆರಂಭಿಸಬೇಕು.

ಬರಗಾಲದಲ್ಲಿ ಬದುಕುವ ಕ್ಯಾನ್ಸರ್

ಹಾರ್ಮೋನು ತಡೆದಾಗ ಬಹುತೇಕ ಎಲ್ಲ ರೋಗಿಗಳಲ್ಲಿಯೂ ಪಿಎಸ್‌ಎ ಇಳಿಯುತ್ತದೆ. ಕೆಲವು ತಿಂಗಳು, ಕೆಲವು ವರ್ಷಗಳ ಬಳಿಕ ಹಲವರಲ್ಲಿ ಮತ್ತೆ ಏರತೊಡಗುತ್ತದೆ. ಆಗ ಕ್ಯಾನ್ಸರ್ ಹಾರ್ಮೋನಿನ ಹಂಗು ತೊರೆದಿದೆ ಎಂದು ಮೊದಲು ಭಾವಿಸಲಾಗಿತ್ತು. ವಾಸ್ತವ ಹಾಗಿಲ್ಲ. ಗೆಡ್ಡೆಯು ಗ್ರಾಹಕಗಳ ಸಂಖ್ಯೆಯನ್ನು ಹೆಚ್ಚಿಸಿಕೊಂಡು ಅತ್ಯಲ್ಪ ಹಾರ್ಮೋನಿನಲ್ಲಿಯೇ ಬದುಕಲು ಕಲಿಯುತ್ತದೆ, ಅಡ್ರಿನಲ್ ಗ್ರಂಥಿಯ ಸ್ರಾವವನ್ನು ಬಳಸಿಕೊಳ್ಳುತ್ತದೆ, ಕೆಲವೊಮ್ಮೆ ತನ್ನೊಳಗೇ ಹಾರ್ಮೋನು ತಯಾರಿಸಿಕೊಳ್ಳುತ್ತದೆ. ಈ ತಿಳಿವಳಿಕೆಯಿಂದ ಹುಟ್ಟಿದ್ದು ಹಾರ್ಮೋನು ತಯಾರಿಕೆಯನ್ನೇ ಎಲ್ಲೆಡೆ ನಿಲ್ಲಿಸುವ ಅಬಿರಾಟೆರೋನ್ (2011) ಮತ್ತು ಗ್ರಾಹಕದ ಬಾಗಿಲು ಮುಚ್ಚುವ ಎಂಜಲುಟಮೈಡ್ (2012).

ಈಗಿನ ಪದ್ಧತಿಯಲ್ಲಿ ಇವುಗಳನ್ನು ರೋಗ ಮರುಕಳಿಸುವ ತನಕ ಕಾಯದೆ ಆರಂಭದಲ್ಲಿಯೇ ಸೇರಿಸಲಾಗುತ್ತದೆ. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹಾರ್ಮೋನು ತಡೆಯ ಜೊತೆಗೆ ಡೋಸಿಟಾಕ್ಸೆಲ್ ಎಂಬ ಕಿಮೋಥೆರಪಿ ಪಡೆದವರು ಮಧ್ಯಾಂಕದ ಲೆಕ್ಕದಲ್ಲಿ 57.6 ತಿಂಗಳು ಬದುಕಿದರೆ, ತಡೆ ಮಾತ್ರ ಪಡೆದವರು 44 ತಿಂಗಳು ಬದುಕಿದ್ದರು. 2017ರಲ್ಲಿ ಅಬಿರಾಟೆರೋನ್ ಕುರಿತೂ ಇಂಥದೇ ಫಲಿತಾಂಶಗಳು ಬಂದವು. ವೃಷಣ ತೆಗೆಸಿದೆವು, ಇನ್ನೇನೂ ಬೇಡ ಎಂದು ಊರಿಗೆ ಮರಳುವ ರೋಗಿ ಕಳೆದುಕೊಳ್ಳುವುದು ಈ ಹೆಚ್ಚುವರಿ ಕಾಲವನ್ನು.

ಬೆಲೆಯ ವಿಷಯದಲ್ಲಿ ಭಾರತದ ಸ್ಥಿತಿ ಹಲವು ದೇಶಗಳಿಗಿಂತ ಮೇಲು. 2016ರಲ್ಲಿ ಎಂಜಲುಟಮೈಡ್‌ನ ಪೇಟೆಂಟ್ ಅರ್ಜಿಯನ್ನು ಭಾರತದ ಪೇಟೆಂಟ್ ಕಚೇರಿ ತಿರಸ್ಕರಿಸಿತು. ಅಬಿರಾಟೆರೋನ್ ಹಲವು ದೇಶೀಯ ಕಂಪನಿಗಳ ಮಾತ್ರೆಯಾಗಿ ದೊರೆಯುತ್ತದೆ. ಸಾಮಾನ್ಯವಾಗಿ ದಿನಕ್ಕೆ 1,000 ಮಿಲಿಗ್ರಾಂ ಪ್ರಮಾಣದಲ್ಲಿ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುವ ಈ ಔಷಧವನ್ನು 250 ಮಿಲಿಗ್ರಾಂಗೆ ಇಳಿಸಿ, ಕಡಿಮೆ ಕೊಬ್ಬಿನ ಉಪಾಹಾರದ ಜೊತೆ ಕೊಟ್ಟರೂ ಪಿಎಸ್‌ಎ ಅಷ್ಟೇ ಇಳಿಯುತ್ತದೆಂದು 72 ರೋಗಿಗಳಿದ್ದ ಅಧ್ಯಯನವೊಂದು 2018ರಲ್ಲಿ ತೋರಿಸಿತು. ಆಹಾರದ ಜೊತೆ ಇದು ಹೆಚ್ಚು ಹೀರಲ್ಪಡುವುದೇ ಕಾರಣ. ಚಿಕ್ಕ ಅಧ್ಯಯನವಾದರೂ ಹಣದ ಮುಗ್ಗಟ್ಟಿರುವ ರೋಗಿಗಳ ವಿಷಯದಲ್ಲಿ ತಜ್ಞರು ಇದನ್ನು ಪರಿಗಣಿಸುವುದುಂಟು. ಕಾಲು ಪಾಲು ಸಾಕೆಂದು ರೋಗಿಯೇ ತೀರ್ಮಾನಿಸುವಂಥದ್ದು ಇದಲ್ಲ.

ಗಿಡಮೂಲಿಕೆ ಮತ್ತು ಪಿಎಸ್‌ಎ

ಶಿವಮೊಗ್ಗ ಜಿಲ್ಲೆಯಲ್ಲಿ ಕ್ಯಾನ್ಸರ್ ಬಗ್ಗೆ ಬರೆಯುವಾಗ ಸಾಗರ ತಾಲ್ಲೂಕಿನ ನರಸೀಪುರವನ್ನು ಮರೆಯುವಂತಿಲ್ಲ. 2020ರಲ್ಲಿ ನಿಧನರಾದ ವೈದ್ಯ ನಾರಾಯಣಮೂರ್ತಿ ಅವರು ಕೊಡುತ್ತಿದ್ದ ಮರದ ತೊಗಟೆಯ ಔಷಧಕ್ಕಾಗಿ ಗುರುವಾರ, ಭಾನುವಾರಗಳಂದು ಹೊರರಾಜ್ಯಗಳಿಂದಲೂ ಜನ ಬಂದು ಸಾಲುಗಟ್ಟುತ್ತಿದ್ದರು. ದೊಡ್ಡ ಆಸ್ಪತ್ರೆಗಳು ಕೈಚೆಲ್ಲಿದ ಮೇಲೆ ಉಳಿಯುವ ಆಸೆಯನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ಗಿಡಮೂಲಿಕೆಯ ಔಷಧ ಸೇವಿಸಿದ ಮೇಲೆ ಪಿಎಸ್‌ಎ ಇಳಿಯಿತು ಎಂಬುದನ್ನೇ ಗುಣಮುಖವಾದುದರ ಪುರಾವೆಯೆಂದು ಹಿಡಿಯುವ ಮುನ್ನ ಅಮೆರಿಕದ ಒಂದು ಪ್ರಸಂಗವನ್ನು ತಿಳಿದಿರುವುದು ಒಳಿತು.

ಎಂಟು ಮೂಲಿಕೆಗಳ ಮಿಶ್ರಣವೆಂದು 1990ರ ದಶಕದಲ್ಲಿ ಅಲ್ಲಿ ಮಾರಾಟವಾಗುತ್ತಿದ್ದ ಪಿಸಿ-ಸ್ಪೆಸ್ ಎಂಬ ಉತ್ಪನ್ನ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಲ್ಲಿ ಪಿಎಸ್‌ಎಯನ್ನು ನಿಜವಾಗಿಯೂ ಇಳಿಸುತ್ತಿತ್ತು. ಪ್ರಯೋಗಾಲಯದಲ್ಲಿ ಬಿಡಿಸಿ ನೋಡಿದಾಗ ಅದರಲ್ಲಿ ಡಿಇಎಸ್ ಎಂಬ ಕೃತಕ ಈಸ್ಟ್ರೋಜೆನ್, ರಕ್ತ ತೆಳುವಾಗಿಸುವ ವಾರ್ಫರಿನ್ ಮತ್ತು ನೋವು ನಿವಾರಕವೊಂದು ಪತ್ತೆಯಾದವು. 2002ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ರೋಗಿಗಳು ತಮಗೇ ತಿಳಿಯದಂತೆ ಹಗ್ಗಿನ್ಸ್ 1941ರಲ್ಲಿ ಪ್ರಯೋಗಿಸಿದ್ದ ಈಸ್ಟ್ರೋಜೆನ್ ಚಿಕಿತ್ಸೆಯನ್ನೇ, ಅದೂ ರಕ್ತ ಹೆಪ್ಪುಗಟ್ಟುವ ಅಪಾಯದ ಮುನ್ಸೂಚನೆಯಿಲ್ಲದೆ, ಪಡೆಯುತ್ತಿದ್ದರು.

ಎಲ್ಲಿ ತೋರಿಸಬೇಕು?

ಮೂತ್ರದ ಹರಿವು ಸಣ್ಣದಾಗುವುದು, ಮೂತ್ರ ಕಟ್ಟಿಕೊಳ್ಳುವುದು, ಮೂತ್ರದಲ್ಲಿ ರಕ್ತ, ವಾಸಿಯಾಗದ ಸೊಂಟ ಅಥವಾ ಬೆನ್ನಿನ ಮೂಳೆನೋವು ಇದ್ದವರು ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿಯೋ ಹತ್ತಿರದ ಮೂತ್ರಾಂಗ ತಜ್ಞರಲ್ಲಿಯೋ ತೋರಿಸಿಕೊಳ್ಳಬೇಕು. ಮೂತ್ರದ ತೊಂದರೆಯ ಹೆಚ್ಚಿನ ಪ್ರಕರಣಗಳಲ್ಲಿ ಕಾರಣ ಕ್ಯಾನ್ಸರ್ ಅಲ್ಲದ ಸಾಮಾನ್ಯ ಊತವೇ ಆಗಿರುತ್ತದೆ. ಕಾಲಿನ ಶಕ್ತಿ ಏಕಾಏಕಿ ಕುಂದಿದರೆ ಮಾತ್ರ ಮರುದಿನಕ್ಕೆ ಕಾಯುವಂತಿಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಉಳಿದವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು ನೆರವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮೊದಲೇ ಪಡೆದಿಟ್ಟುಕೊಂಡರೆ ಬೆಂಗಳೂರಿನ ಕಿದ್ವಾಯಿಗೆ ಹೋಗುವವರ ಅಲೆದಾಟ ತಗ್ಗುತ್ತದೆ.

ಪಿಎಸ್‌ಎ ಪ್ರತಿ ಮಿಲಿಲೀಟರ್‌ಗೆ 4 ನ್ಯಾನೋಗ್ರಾಂ ದಾಟಿದರೆ ಮುಂದಿನ ಪರೀಕ್ಷೆ ಬೇಕಾಗಬಹುದು ಎಂಬುದು ಬಹುಕಾಲದ ರೂಢಿ. ಈ ಅಂಕಿಯನ್ನು ಓದುವಾಗ ಹಾರ್ಮೋನಿಗೆ ಸಂಬಂಧಿಸಿದ ಒಂದು ವಿವರ ಮೇಲಿಂದ ಮೇಲೆ ತಪ್ಪಿಹೋಗುತ್ತದೆ. ಪ್ರಾಸ್ಟೇಟ್ ಊತಕ್ಕಾಗಲಿ, ತಲೆಗೂದಲು ಉದುರುವುದಕ್ಕಾಗಲಿ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆ ಸೇವಿಸುತ್ತಿರುವವರಲ್ಲಿ ಆರು ತಿಂಗಳ ಬಳಿಕ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಚೀಟಿಯಲ್ಲಿ 3 ಎಂದಿದ್ದರೆ ವೈದ್ಯರು ಅದನ್ನು 6 ಎಂದು ಓದಬೇಕಾಗುತ್ತದೆ. ಕೂದಲಿನ ಮಾತ್ರೆಯನ್ನು ಔಷಧವೆಂದೇ ಎಣಿಸದವರು ಅದರ ಹೆಸರನ್ನೂ ವೈದ್ಯರ ಮುಂದೆ ಹೇಳಬೇಕು.